ಬೋರ್ಡಮ್ಮನ ನೋಟ್‌ಬುಕ್ಕು

ಮದಕರಿಪುರದಿಂದ ದುರ್ಗಕ್ಕೆ ಬೆಳಗಿನ ಬಸ್ಸಿನಲ್ಲಿ ಹೋಗುತ್ತಿದ್ದ ನಮ್ಮ ಹೆಂಗಸರ ಗುಂಪಿನಲ್ಲಿ ನನಗೊಂದು ಅಡ್ಡಹೆಸರಿತ್ತು: ಬೋರ್ಡಮ್ಮ. ಬಸ್ಸಿನ ಬೋರ್ಡು ಓದಿ ಹೇಳುವವಳೆಂದು ಹೊಸಬರು ತಿಳಿದುಕೊಳ್ಳುತ್ತಿದ್ದರು. ವಿಷಯ ಅದಲ್ಲ. 1979ರಿಂದ ನಾನು ಊರಿನ ಒಂದು ಕಚೇರಿಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಕೆಲಸದಲ್ಲಿದ್ದೆ. ಹೊರಗಿನಿಂದ ಮೂರು ಲೈನು, ಒಳಗೆ ಇಪ್ಪತ್ತೈದು ಫೋನು. ಯಾರಾದರೂ ಕರೆ ಮಾಡಿದರೆ ಬೋರ್ಡಿನ ಮೇಲಿನ ಸಣ್ಣ ತಗಡಿನ ರೆಪ್ಪೆಯೊಂದು ಕಟ್ಟೆಂದು ಬೀಳುತ್ತಿತ್ತು. ವಯರಿನ ತುದಿಯ ಪ್ಲಗ್ಗನ್ನು ಆ ತೂತಿಗೆ ಚುಚ್ಚಿ "ಯಾರು ಬೇಕ್ರೀ?" ಎಂದು ಕೇಳಿ, ಇನ್ನೊಂದು ಪ್ಲಗ್ಗನ್ನು ಅವರಿಗೆ ಬೇಕಾದವರ ತೂತಿಗೆ ಚುಚ್ಚಬೇಕು. ಇಷ್ಟೇ ಕೆಲಸ.

ಇಷ್ಟೇ ಅಂದೆನಲ್ಲ, ಅದು ಸುಳ್ಳು. ಸಾಹೇಬರು ಮಧ್ಯಾಹ್ನ ಎರಡರವರೆಗೆ ಯಾರಿಗೂ ಸಿಗುವುದಿಲ್ಲ ಅನ್ನುವುದು, ಲೆಕ್ಕದ ವಿಭಾಗದ ಹುಡುಗಿಗೆ ಆಸ್ಪತ್ರೆಯಿಂದ ಫೋನು ಬಂದರೆ ಯಾವ ಮೀಟಿಂಗಿದ್ದರೂ ಕರೆಯಬೇಕು ಅನ್ನುವುದು, ಇದೆಲ್ಲ ಬೋರ್ಡಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಮ್ಮ ಕೋಟೆಯಲ್ಲಿ ಕಾವಲಿನ ಗಂಡ ಊಟಕ್ಕೆ ಕೂತಾಗ ಓಬವ್ವ ಒನಕೆ ಹಿಡಿದು ಕಿಂಡಿಯ ಹತ್ತಿರ ನಿಂತಳಂತೆ. ನಾನು ಊಟಕ್ಕೆ ಕೂತರೆ ನನ್ನ ಕಿಂಡಿ ಕಾಯುವವರು ಯಾರೂ ಇರಲಿಲ್ಲ. ಕಿವಿಗೆ ಹೆಡ್‌ಸೆಟ್ಟು ಸಿಕ್ಕಿಸಿಕೊಂಡೇ ರೊಟ್ಟಿ ಮುರಿಯುತ್ತಿದ್ದೆ.

ಈ ಕೆಲಸ ಹೆಂಗಸರ ಪಾಲಿಗೆ ಬಂದದ್ದು ಬಹಳ ಹಿಂದೆ. ಅಮೆರಿಕದ ಬೋಸ್ಟನ್ನಿನಲ್ಲಿ ಮೊದಲು ಬೋರ್ಡಿನ ಮುಂದೆ ಹುಡುಗರನ್ನು ಕೂರಿಸಿದ್ದರು. ಅವರು ಕರೆ ಮಾಡಿದವರನ್ನೇ ಗದರಿಸುತ್ತಿದ್ದರು. ಆಗ 1878ರ ಸೆಪ್ಟೆಂಬರ್ 1ರಂದು ಎಮ್ಮಾ ನಟ್ ಎಂಬಾಕೆಯನ್ನು ಕೆಲಸಕ್ಕೆ ತೆಗೆದುಕೊಂಡರು. ಪ್ರಪಂಚದ ಮೊದಲ ಮಹಿಳಾ ಆಪರೇಟರ್ ಆಕೆ. ನಮ್ಮನ್ನು ಆ ಕುರ್ಚಿಯಿಂದ ಎಬ್ಬಿಸುವ ಪ್ರಯತ್ನವೂ ಹೆಚ್ಚು ತಡವಾಗಲಿಲ್ಲ. ಕ್ಯಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಸ್ಟ್ರೋಜರ್ ಎಂಬಾತ, ಆಪರೇಟರ್ ತನ್ನ ಗಿರಾಕಿಗಳ ಕರೆಗಳನ್ನು ಎದುರಾಳಿಗೆ ತಿರುಗಿಸುತ್ತಿದ್ದಾಳೆಂದು ಸಿಟ್ಟಾಗಿ, ಆಪರೇಟರೇ ಬೇಡದ ಯಂತ್ರವನ್ನು ಕಂಡುಹಿಡಿದನೆಂದು ಕತೆ ಹೇಳುತ್ತಾರೆ. ಕತೆಯಲ್ಲಿ ನಿಜವೆಷ್ಟೋ, ಅವನಿಗೆ 1891ರಲ್ಲಿ ಪೇಟೆಂಟ್ ಸಿಕ್ಕಿದ್ದು ಮಾತ್ರ ನಿಜ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಆ ಸ್ಟ್ರೋಜರ್ ಯಂತ್ರಗಳನ್ನೇ ಎಷ್ಟೋ ವರ್ಷ ತಯಾರಿಸಿತು.

ಆ ಯಂತ್ರಗಳ ಬುದ್ಧಿಯೆಲ್ಲ ಕಬ್ಬಿಣ, ತಾಮ್ರದಲ್ಲೇ ಇತ್ತು. ಏನಾದರೂ ಬದಲಾಯಿಸಬೇಕಾದರೆ ವಯರು ಬಿಚ್ಚಬೇಕು, ಬೆಸುಗೆ ಹಾಕಬೇಕು. ಬುದ್ಧಿಯನ್ನು ಬರವಣಿಗೆಯಾಗಿ ಯಂತ್ರದೊಳಗಿಟ್ಟು ಬೇಕೆಂದಾಗ ತಿದ್ದಬಹುದಾದ ಕಾಲ ಆಮೇಲೆ ಬಂತು. ಆ ಬರವಣಿಗೆಯೇ ಸಾಫ್ಟ್‌ವೇರ್. ಇಲ್ಲಿಯೂ ಒಬ್ಬ ಹೆಂಗಸಿನ ಹೆಸರು ಹೇಳಲೇಬೇಕು. ಬೆಲ್ ಪ್ರಯೋಗಾಲಯದಲ್ಲಿದ್ದ ಎರ್ನಾ ಹೂವರ್ ಎಂಬ ಗಣಿತಜ್ಞೆ, ಒಮ್ಮೆಲೇ ಸಾವಿರಾರು ಕರೆಗಳು ನುಗ್ಗಿದರೆ ಎಕ್ಸ್‌ಚೇಂಜಿನ ಕಂಪ್ಯೂಟರು ತಬ್ಬಿಬ್ಬಾಗದೆ, ಮುಖ್ಯವಾದ ಕೆಲಸ ಮೊದಲು, ಉಳಿದದ್ದು ಆಮೇಲೆ ಎಂದು ಸರದಿ ಮಾಡಿಕೊಳ್ಳುವ ಕ್ರಮವನ್ನು ರೂಪಿಸಿದಳು. ಅದರ ಮೊದಲ ನಕ್ಷೆಗಳನ್ನು ಆಕೆ ಬರೆದದ್ದು ಹೆರಿಗೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲಂತೆ. 1971ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಂದು ಕಡೆ ಹಾಲು ಉಕ್ಕುತ್ತಿರುವಾಗ, ಇನ್ನೊಂದು ಕಡೆ ಮಗು ಅಳುವಾಗ, ಬಾಗಿಲಲ್ಲಿ ಯಾರೋ ಕೂಗುವಾಗ ಯಾವುದನ್ನು ಮೊದಲು ನೋಡಬೇಕೆಂದು ತಿಳಿದವರಿಗೆ ಆಕೆಯ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಈ ಹೊಸ ವಿದ್ಯೆ ಹಳ್ಳಿಗೆ ಇಳಿದದ್ದು ಕನ್ನಡ ನಾಡಿನಲ್ಲೇ ಎಂಬುದು ನನಗೊಂದು ಹೆಮ್ಮೆ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಒತ್ತಾಸೆಯಿಂದ ಸಿ-ಡಾಟ್ ಸಂಸ್ಥೆ ಹುಟ್ಟಿತು. ಪರದೇಶದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕು. ನಮ್ಮ ಹಳ್ಳಿಗಳಲ್ಲಿ ಬಿಸಿಲು, ದೂಳು, ಬಂದು ಹೋಗುವ ಕರೆಂಟು. ಅದಕ್ಕೆ ಒಗ್ಗುವಂತೆ ನಮ್ಮ ಎಂಜಿನಿಯರುಗಳು 128 ಲೈನುಗಳ ಪುಟ್ಟ ಎಕ್ಸ್‌ಚೇಂಜನ್ನು ತಯಾರಿಸಿ, 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಮೊದಲು ಹೂಡಿದರು. ರಾಣಿ ಚೆನ್ನಮ್ಮನ ಊರು! ಅದೇ ವಿದ್ಯೆಯಿಂದ ಕಚೇರಿಗಳಿಗೆಂದು ಇ.ಪಿ.ಎ.ಬಿ.ಎಕ್ಸ್. ಎಂಬ ಪೆಟ್ಟಿಗೆಯನ್ನೂ ರೂಪಿಸಿ ತಯಾರಕರಿಗೆ ಕೊಟ್ಟರು.

1991ರಲ್ಲಿ ನಮ್ಮ ಕಚೇರಿಗೂ ಅಂಥದೊಂದು ಪೆಟ್ಟಿಗೆ ಬಂತು. ಗೋಡೆಗೆ ನೇತುಹಾಕಿದ ಬೀರುವಿನಷ್ಟೇ. ಕುಂಕುಮ ಹಚ್ಚಿ, ಕಾಯಿ ಒಡೆದು ಶುರುಮಾಡಿದರು. ಕಾಯಿಯ ಹೋಳು ನನಗೂ ಒಂದು ಸಿಕ್ಕಿತು. ಮಾರನೆಯ ದಿನದಿಂದ ನಾನು ಟಪಾಲು ವಿಭಾಗದಲ್ಲಿ ಲಕೋಟೆಗೆ ಅಂಟು ಹಚ್ಚುತ್ತಿದ್ದೆ.

ಬೋರ್ಡಿನಲ್ಲಿದ್ದ ಹನ್ನೆರಡು ವರ್ಷವೂ ನಾನೊಂದು ನೋಟ್‌ಬುಕ್ಕು ಇಟ್ಟಿದ್ದೆ. ಯಾವ ಎಕ್ಸ್‌ಟೆನ್ಷನ್ ಯಾರದು, ಯಾರಿಗೆ ಹೊರಗಿನ ಲೈನು ಕೊಡಬಹುದು, ಸಂಜೆ ಆರರ ಮೇಲೆ ಬಂದ ಕರೆ ಎಲ್ಲಿ ಗಂಟೆ ಬಾರಿಸಬೇಕು, ಎಲ್ಲ ಅದರಲ್ಲಿತ್ತು. ಪೆಟ್ಟಿಗೆ ಹೂಡಿದವನು ಅದನ್ನು ನೋಡಿಯೇ ಎಲ್ಲವನ್ನೂ ಒಳಗೆ ತುಂಬಿಸಿದ. ಆಮೇಲೆ ಪುಸ್ತಕ ನನ್ನ ಡ್ರಾಯರಿಗೆ ಸೇರಿತು. ಬದಲಾದದ್ದನ್ನು ಮಾತ್ರ ಅಭ್ಯಾಸಬಲದಿಂದ ಬರೆದುಕೊಳ್ಳುತ್ತಿದ್ದೆ.

2002-03ರ ಸುಮಾರಿಗೆ ಊರಿನ ಫೋನ್ ನಂಬರುಗಳ ಹಿಂದೆಲ್ಲ ಒಂದು '2' ಸೇರಿಸಿದರಲ್ಲ, ನಿಮಗೂ ನೆನಪಿರಬಹುದು. ದುರ್ಗದಲ್ಲಿ ಐದಂಕಿಯ ನಂಬರು ಆರಂಕಿಯದಾಯಿತು. ನಮ್ಮ ಪೆಟ್ಟಿಗೆಗೋ, ಐದಂಕಿ ದಾಟಿ ಒತ್ತಿದರೆ ಯಾರೋ ಕಳ್ಳತನದಿಂದ ಎಸ್ಟಿಡಿ ಮಾಡುತ್ತಿದ್ದಾರೆಂದು ತಿಳಿದು ಲೈನು ಕತ್ತರಿಸು ಎಂದು ಹೇಳಿಕೊಟ್ಟಿದ್ದರು. ಅದು ಹೇಳಿದಂತೆ ಮಾಡಿತು. ಪಕ್ಕದ ಬೀದಿಯ ಬ್ಯಾಂಕಿಗೂ ಫೋನು ಹೋಗದಾಯಿತು. ಸಾಫ್ಟ್‌ವೇರ್ ಹೊಸದು ಹಾಕಬೇಕೆಂದು ಒಬ್ಬ ಹುಡುಗ ಬಂದ. ಸಂಜೆ ಎಲ್ಲರೂ ಹೋದ ಮೇಲೆ ಹಳೆಯ ಚಿಪ್ಪುಗಳನ್ನು ಕಿತ್ತು ಹೊಸದನ್ನು ಕೂರಿಸಿದ. ಕೂರಿಸಿದೊಡನೆ ಒಳಗಿದ್ದ ಹಳೆಯ ಪಟ್ಟಿಯೆಲ್ಲ ಅಳಿಸಿಹೋಯಿತು. ಅವನ ಹತ್ತಿರ ನಕಲಿರಲಿಲ್ಲ. ಒಂದೆರಡು ಫೋನು ಮಾಡಿ ನೋಡಿ, ಹೋಗುತ್ತಿದೆ ಎಂದು ಸಹಿ ಹಾಕಿಸಿಕೊಂಡು, ಮಿಕ್ಕಿದ್ದು ನಾಳೆ ಎಂದು ಹೊರಟ.

ಅವನು ಕೆಲಸ ಮಾಡುವಾಗ ನಾನು ತಡವಾಗಿ ಹೊರಡುವ ಟಪಾಲಿಗಾಗಿ ಅಲ್ಲೇ ಇದ್ದೆ. "ಹಳೇ ಪಟ್ಟಿ ಏನಾದ್ರೂ ಇದೆಯಾ ಸಾರ್?" ಎಂದು ಅವನು ಸೂಪರಿಂಟೆಂಡೆಂಟರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. "ಎಲ್ಲ ಮಿಷನ್ನಲ್ಲೇ ಇರಬೇಕಲ್ಲಪ್ಪ" ಅಂದರು ಅವರು. ನೋಟ್‌ಬುಕ್ಕು ನನ್ನ ಡ್ರಾಯರಿನಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ನನ್ನನ್ನು ಯಾರು ಕೇಳಿದರು ಎಂಬ ಬಿಗುಮಾನ. ಹನ್ನೊಂದು ವರ್ಷ ಅಂಟು ಹಚ್ಚಿದ ಸಿಟ್ಟು. ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದೆ.

ಹೊಸ ಸಾಫ್ಟ್‌ವೇರ್ ತನಗೆ ಯಾರೂ ಏನೂ ಹೇಳದಿದ್ದರೆ ರಾತ್ರಿಯ ಕರೆಯನ್ನು ಮೊದಲ ಎಕ್ಸ್‌ಟೆನ್ಷನ್ನಿಗೆ ಕಳಿಸುತ್ತದೆ. ನಮ್ಮಲ್ಲಿ ಮೊದಲನೆಯದು ಸಾಹೇಬರ ಕೋಣೆ. ಬೀಗ ಹಾಕಿ ಕೀಲಿಕೈ ಮನೆಗೆ ಒಯ್ಯುವ ಕೋಣೆ. ಆ ರಾತ್ರಿ ನಮ್ಮ ವಾಚ್‌ಮನ್ ಬಾಗಿಲ ಹತ್ತಿರ ಮಲಗಿದ್ದಾಗ ಒಳಗೆ ಫೋನು ಬಡಿದುಕೊಳ್ಳತೊಡಗಿತು. ನಿಲ್ಲುವುದು, ಮತ್ತೆ ಬಡಿದುಕೊಳ್ಳುವುದು. ಅವನ ಮಗಳಿಗೆ ಹಿರಿಯೂರಿನಲ್ಲಿ ಹೆರಿಗೆ ನೋವು ಬಂದಿತ್ತು. ರಕ್ತ ಬೇಕೆಂದು ಅಳಿಯ ಬೂತಿನಿಂದ ಫೋನು ಮಾಡುತ್ತಿದ್ದ. ವಾಚ್‌ಮನ್ ಮೇಜಿನ ಮೇಲಿದ್ದ ಫೋನು ಮಾತ್ರ ಬೆಳಗಿನವರೆಗೂ ತಣ್ಣಗಿತ್ತು.

ಯಾರೋ ಪುಣ್ಯಾತ್ಮರು ಅಲ್ಲೇ ರಕ್ತ ಕೊಟ್ಟರು. ತಾಯಿ ಮಗು ಇಬ್ಬರೂ ಉಳಿದರು. ವಾರದ ಮೇಲೆ ಕೆಲಸಕ್ಕೆ ಬಂದ ವಾಚ್‌ಮನ್ ಯಾರನ್ನೂ ಬೈಯಲಿಲ್ಲ. ನನ್ನ ಹತ್ತಿರ ಬಂದು, "ಅಕ್ಕಾರೆ, ಆ ಗಂಟೆ ನಂಗೇ ಬಡೀತೈತೆ ಅಂತ ಒಳಗೊಳಗೇ ಅನಿಸ್ತಿತ್ತು. ಬೀಗ ಒಡೀಬೇಕಿತ್ತು ನಾನು" ಅಂದ. ಅವನು ತನ್ನನ್ನೇ ತಪ್ಪಿತಸ್ಥನನ್ನಾಗಿ ಮಾಡಿಕೊಂಡಿದ್ದ. ನನಗೆ ಮುಖ ಎತ್ತಲಾಗಲಿಲ್ಲ.

ದೊಡ್ಡವರಿಗೂ ಇದು ತಪ್ಪಿಲ್ಲವೆಂದು ಆಮೇಲೆ ಓದಿ ತಿಳಿದೆ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ 114 ಎಕ್ಸ್‌ಚೇಂಜುಗಳು ಒಂದಾದ ಮೇಲೊಂದು ಎಡವಿ, ಒಂಬತ್ತು ಗಂಟೆ ಕಾಲ ಕೋಟಿಗಟ್ಟಲೆ ಕರೆಗಳು ಸಿಗದೆ ಹೋದವು. ಕೆಲವೇ ವಾರಗಳ ಹಿಂದೆ ಸುಧಾರಣೆಗೆಂದು ಹಾಕಿದ ಹೊಸ ಸಾಫ್ಟ್‌ವೇರಿನಲ್ಲಿ ತಪ್ಪು ಜಾಗದಲ್ಲಿದ್ದ ಒಂದೇ ಒಂದು ಆಜ್ಞೆ ಅದಕ್ಕೆ ಕಾರಣ. ಓದಿದಾಗ ಸಮಾಧಾನವೇನೂ ಆಗಲಿಲ್ಲ. ಅವರ ತಪ್ಪು ಬರವಣಿಗೆಯಲ್ಲಿತ್ತು. ನಮ್ಮದರಲ್ಲಿ ಸರಿಯಾದ ಬರವಣಿಗೆ ಡ್ರಾಯರಿನಲ್ಲಿತ್ತು.

ವಾಚ್‌ಮನ್ ಮಾತಾಡಿ ಹೋದ ಸಂಜೆಯೇ ನೋಟ್‌ಬುಕ್ಕನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟೆ. "ಮೊದಲೇ ಹೇಳಬಾರದಿತ್ತೇನಮ್ಮ?" ಅಂದರು. "ಹೇಳಬೇಕಿತ್ತು ಸಾರ್" ಅಂದೆ. ಮಾರನೆಯ ದಿನ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಓದುತ್ತ ಹೋದೆ, ಅವನು ಒತ್ತುತ್ತ ಹೋದ. ಇಪ್ಪತ್ತೈದು ಎಕ್ಸ್‌ಟೆನ್ಷನ್ನಿಗೆ ಅರ್ಧ ದಿನ ಹಿಡಿಯಿತು. ಮುಗಿದ ಮೇಲೆ ಎಲ್ಲವನ್ನೂ ದುಂಡಗೆ ಬರೆದು, ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿದೆ. ಲಕೋಟೆಯ ಅಂಟು ಅಲ್ಲಿ ಉಪಯೋಗಕ್ಕೆ ಬಂತು.

ಪಟ್ಟಿಯ ಮೊದಲ ಸಾಲು ಮಾತ್ರ ಕೆಂಪು ಶಾಯಿಯಲ್ಲಿ: "ರಾತ್ರಿಯ ಕರೆ — ವಾಚ್‌ಮನ್ ಮೇಜು. ಏನೇ ಬದಲಾಯಿಸಿದರೂ ಹೊರಡುವ ಮೊದಲು ಇಲ್ಲಿಗೆ ಒಂದು ಫೋನು ಮಾಡಿ ನೋಡುವುದು."