ಕೊರಿಯನ್ ಭಾಷಿಕರು ಮತ್ತು ಇಂಗ್ಲಿಷ್ ಲೇಖನ ಚಿಹ್ನೆಗಳು

ಇಂಗ್ಲಿಷ್ ಬರೆಯಲು ಕೂತ ಕೊರಿಯನ್ ವಿದ್ಯಾರ್ಥಿಗೆ ಪೂರ್ಣವಿರಾಮವೂ ಹೊಸದಲ್ಲ, ಅಲ್ಪವಿರಾಮವೂ ಹೊಸದಲ್ಲ. ಎರಡೂ ಅವರ ಭಾಷೆಯಲ್ಲಿವೆ, ನೋಡಲೂ ಹಾಗೆಯೇ ಇವೆ. ತೊಡಕಿರುವುದು ಅಲ್ಲೇ: ಚಿಹ್ನೆ ಒಂದೇ, ಅದು ಮಾಡುವ ಕೆಲಸ ಬೇರೆ.

ದೊರೆ ಸೇಜೊಂಗ್ 1446ರಲ್ಲಿ ಜಾರಿಗೆ ತಂದ ಹಂಗುಲ್ ಲಿಪಿಯನ್ನು ಮೊದಲು ಮೇಲಿನಿಂದ ಕೆಳಕ್ಕೆ, ಪದಗಳ ನಡುವೆ ಜಾಗ ಬಿಡದೆ ಬರೆಯುತ್ತಿದ್ದರು. ಪದ ಬಿಡಿಸಿ ಅಚ್ಚು ಹಾಕುವುದು ರೂಢಿಯಾದದ್ದರಲ್ಲಿ 1896ರಲ್ಲಿ ಶುರುವಾದ 'ತೊಂಗ್ನಿಪ್ ಶಿನ್ಮುನ್' ಪತ್ರಿಕೆಯ ಪಾಲು ದೊಡ್ಡದು. ದಕ್ಷಿಣ ಕೊರಿಯಾದಲ್ಲಿ ಪರಿಷ್ಕೃತ ಚಿಹ್ನೆ ನಿಯಮಗಳು 2015ರ ಜನವರಿ 1ರಂದು ಜಾರಿಗೆ ಬಂದವು. ಅವುಗಳಲ್ಲಿ ಅರ್ಧವಿರಾಮಕ್ಕೆ ಜಾಗವೇ ಇಲ್ಲ.

ಹೆಚ್ಚು ಕಾಡುವುದು ಅಲ್ಪವಿರಾಮ. ಕೊರಿಯನ್‌ನಲ್ಲಿ ವಾಕ್ಯಗಳನ್ನು ಜೋಡಿಸುವ ಹೊಣೆ ಕ್ರಿಯಾಪದದ ಬಾಲಕ್ಕೆ ಸೇರಿದ್ದು. '-ಗೊ' ಸೇರಿದರೆ 'ಮತ್ತು' ಎಂಬ ಅರ್ಥ, '-ಜಿಮನ್' ಸೇರಿದರೆ 'ಆದರೆ', '-ಸೊ' ಸೇರಿದರೆ 'ಆದ್ದರಿಂದ'. ಆಮೇಲೆ ಅಲ್ಪವಿರಾಮ ಇದ್ದರೂ ಇಲ್ಲದಿದ್ದರೂ ವಾಕ್ಯ ಕಡಿಯುವುದಿಲ್ಲ. 'ದಣಿದು ಮನೆಗೆ ಹೋದೆ' ಎನ್ನುವ ಕನ್ನಡಿಗರಿಗೆ ಈ ಜಾಯಮಾನ ಚೆನ್ನಾಗಿ ಗೊತ್ತು. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ. ಹಾಗಾಗಿ 'ಐ ವಾಸ್ ಟೈರ್ಡ್, ಐ ವೆಂಟ್ ಹೋಮ್' ಎಂದು ಬರೆದರೆ ತಪ್ಪಾಗುತ್ತದೆ. ಅಲ್ಪವಿರಾಮದ ಬೆನ್ನಿಗೆ 'ಸೋ' ಬರಬೇಕು, ಇಲ್ಲವೇ ಆ ಜಾಗದಲ್ಲಿ ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಹಾಕಬೇಕು. ಇದನ್ನು ಅಜಾಗ್ರತೆ ಎಂದು ಕೆಂಪು ಶಾಯಿಯಲ್ಲಿ ಗೀಚಿ ಬಿಡುವುದು ಅನ್ಯಾಯ. ಪ್ರತ್ಯಯ ಮಾಡುತ್ತಿದ್ದ ಕೆಲಸ ಇಂಗ್ಲಿಷ್‌ನಲ್ಲಿ ಯಾರ ಪಾಲಿಗೆ ಬಂದಿದೆ ಎಂದು ತೋರಿಸಿಕೊಡಬೇಕು.

ಜಾಗ ಬಿಡುವ ಕ್ರಮವೂ ಬೇರೆ. ಕೊರಿಯನ್‌ನಲ್ಲಿ ಆವರಣ ಚಿಹ್ನೆ ಹಿಂದಿನ ಪದಕ್ಕೆ ಅಂಟಿಕೊಂಡೇ ಇರುತ್ತದೆ, ಇಂಗ್ಲಿಷ್‌ನಲ್ಲಿ ಅದರ ಮುಂಚೆ ಒಂದು ಜಾಗ ಬೇಕು. ಮನಸ್ಸಿನೊಳಗಿನ ಮಾತಿಗೆ ಕೊರಿಯನ್ನರು ಒಂಟಿ ಉದ್ಧರಣ ಚಿಹ್ನೆ ಬಳಸುತ್ತಾರೆ. ಇಂಗ್ಲಿಷ್‌ನಲ್ಲಿ ಹಾಗೊಂದು ನಿಯಮವಿಲ್ಲ. ಪುಸ್ತಕದ ಹೆಸರಿಗೆ ಅವರಲ್ಲಿ ಕೊಕ್ಕೆಯಾಕಾರದ ಆವರಣವಿದೆ, ಇಂಗ್ಲಿಷ್‌ನಲ್ಲಿ ಓರೆ ಅಕ್ಷರ.

ಕನ್ನಡದಂತೆ ಹಂಗುಲ್‌ನಲ್ಲೂ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಮೇಲಾಗಿ ಕೊರಿಯನ್ ತಿಂಗಳುಗಳಿಗೆ ಬರೀ ಸಂಖ್ಯೆಗಳು: ಜನವರಿ ಎಂದರೆ 'ಇರ್‌ವೊಲ್', ಅಂದರೆ ಒಂದನೆಯ ತಿಂಗಳು. ತಿಂಗಳ ಹೆಸರನ್ನು ದೊಡ್ಡಕ್ಷರದಿಂದ ಶುರುಮಾಡಬೇಕು ಎಂಬುದು ಕಲಿಯುವವರಿಗೆ ಸಹಜವಾಗಿ ಹೊಳೆಯುವುದಿಲ್ಲ.

ಇನ್ನು ಅಲೆಯಂಥ ಗೆರೆ. '9~11' ಎಂದು ಅವಧಿ ಸೂಚಿಸಲು ಕೊರಿಯನ್ನರು ಬಳಸುವ ಇದರ ಬದಲು ಇಂಗ್ಲಿಷ್‌ನಲ್ಲಿ ಅಡ್ಡಗೆರೆ ಹಾಕುತ್ತಾರೆ. ಮೊಬೈಲ್ ಸಂದೇಶಗಳಲ್ಲಿ ವಾಕ್ಯದ ಕೊನೆಗೆ ಇದೇ ಅಲೆ ಬಂದರೆ ದನಿಗೆ ಮೆದುತನ ಬರುತ್ತದೆ. ಕಚೇರಿಯ ಇಂಗ್ಲಿಷ್ ಮಿಂಚಂಚೆಯಲ್ಲಿ 'ಥ್ಯಾಂಕ್ ಯೂ~' ಎಂದು ಬರೆದರೆ ಆ ಮೆದುತನ ಓದುವವರಿಗೆ ತಲುಪುವುದಿಲ್ಲ; ಅದನ್ನು ಪದಗಳಲ್ಲೇ ತರಬೇಕು.