ಕೆರೆಯಂಗಳ, ಕ್ರೀಡಾಂಗಣ ಮತ್ತು ನಾನು ಬರೆದ ಒಂದು ಫಲಕ

ಒಂಬತ್ತನೆಯ ತರಗತಿಯವರಿಗೆ ನಕ್ಷೆಯ ಪಾಠ ಬಂದಾಗಲೆಲ್ಲ ನಾನು ಒಂದು ಕೆಲಸ ಕೊಡುತ್ತಿದ್ದೆ: ಮನೆಯಿಂದ ತಾವು ಆಡುವ ಜಾಗದವರೆಗಿನ ದಾರಿಯನ್ನು ಬರೆದು ತರಬೇಕು. 1970ರ ದಶಕದ ಕೊನೆಯಲ್ಲಿ ಬರುತ್ತಿದ್ದ ನಕ್ಷೆಗಳಲ್ಲಿ ಕೆರೆಯ ಏರಿ, ಖಾಲಿ ನಿವೇಶನ, ಹಿತ್ತಲಿನ ಗಲ್ಲಿ, ಗುಡಿಯ ಮುಂದಿನ ಬಯಲು ಇರುತ್ತಿದ್ದವು. ನಾನು ನಿವೃತ್ತನಾಗುವ ಹೊತ್ತಿಗೆ ಹಲವು ಹಾಳೆಗಳಲ್ಲಿ ದಾರಿಯೇ ಇರಲಿಲ್ಲ. ಒಬ್ಬ ಹುಡುಗಿ ತಾರಸಿಗೆ ಹತ್ತುವ ಮೆಟ್ಟಿಲುಗಳನ್ನಷ್ಟೇ ಬರೆದಿದ್ದಳು. ಈಗಿನ ಮಕ್ಕಳು ಸೋಮಾರಿಗಳೆಂದು ಶಿಕ್ಷಕರ ಕೊಠಡಿಯಲ್ಲಿ ನಾವು ಹೇಳಿಕೊಳ್ಳುತ್ತಿದ್ದೆವು. ಅದೆಷ್ಟು ಅವಸರದ ತೀರ್ಪೆಂಬುದು ನಮ್ಮ ಬೆಂಗಳೂರಿನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ತಿಳಿಯಿತು.

1898ರಲ್ಲಿ ಪ್ಲೇಗು ಬಂದಾಗ ಹಳೆಯ ಪೇಟೆಯ ಇಕ್ಕಟ್ಟಿನ ಬೀದಿಗಳು ತತ್ತರಿಸಿದವು. ಆಗ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದವು. ಗಾಳಿ ಬೆಳಕಿಗಾಗಿ ಅಗಲವಾದ ರಸ್ತೆ, ಮನೆಯ ಸುತ್ತ ತೆರಪು, ಹಿಂಬದಿಯಲ್ಲಿ ಮಲ ಸಾಗಿಸುವವರ ಓಡಾಟಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. (ಆ ಗಲ್ಲಿಯ ಹಿಂದಿನ ಅನ್ಯಾಯದ ಕಥೆ ಬೇರೆಯೇ ಇದೆ, ಅದನ್ನು ಮರೆತು ಬರೆಯುತ್ತಿಲ್ಲ.) ಇವುಗಳನ್ನು ಹುಡುಗರ ಆಟಕ್ಕೆಂದು ಯಾರೂ ಮಾಡಿದ್ದಲ್ಲ. ರೋಗದ ಭಯದಿಂದ ಬಿಟ್ಟ ಜಾಗ ಮುಂದೆ ಗೋಲಿ, ಬುಗುರಿ, ಲಗೋರಿ, ಕ್ರಿಕೆಟ್ಟುಗಳ ಅಂಗಳವಾಯಿತು. ಮನೆಯ ಬಾಗಿಲು ದಾಟಿದರೆ ಆಟ. ತಾಯಿ ಕೂಗಿದರೆ ಕೇಳಿಸುವಷ್ಟು ಹತ್ತಿರ. ಹದಿಮೂರು ತುಂಬಿದ ಹುಡುಗಿಯರಿಗೂ ಅಷ್ಟು ದೂರದ ಅನುಮತಿ ಸಿಗುತ್ತಿತ್ತು.

ಕೆರೆಗಳ ಕಥೆ ಇದಕ್ಕಿಂತ ವಿಚಿತ್ರ. ಬತ್ತಿದ ಧರ್ಮಾಂಬುಧಿ ಕೆರೆಯ ಅಂಗಳ ಸುಭಾಷ್ ನಗರ ಮೈದಾನವಾಯಿತು, ಅನಂತರ ಬಸ್ ನಿಲ್ದಾಣವಾಯಿತು. ಅದು ಅರ್ಥವಾಗುವ ನಷ್ಟ. ಆದರೆ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು, ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಸಂಪಂಗಿ ಕೆರೆಯಲ್ಲಿ ಇಂದು ಉಳಿದಿರುವುದು ಕರಗದ ವಿಧಿಗೆ ಒದಗುವ ಪುಟ್ಟ ಕೊಳ ಮಾತ್ರ. ಕಾಗದದ ಮೇಲೆ ನೋಡಿದರೆ ನೆಲ ಕ್ರೀಡೆಗೇ ಸಂದಿದೆ! 1997ರ ರಾಷ್ಟ್ರೀಯ ಕ್ರೀಡಾಕೂಟವನ್ನು ನಾನೂ ಹೆಮ್ಮೆಯಿಂದ ನೋಡಿದವನು. ಆದರೂ ಸಂಜೆ ಐದಕ್ಕೆ ಚೀಲ ಬಿಸಾಕಿ ಓಡುವ ಹುಡುಗನಿಗೆ ಗೇಟು, ಕಾವಲುಗಾರ, ಸದಸ್ಯತ್ವ ಇರುವ ಮೈದಾನವು ಮೈದಾನವಲ್ಲ. ಕೆರೆಯಂಗಳಕ್ಕೆ ಅವನು ಯಾರನ್ನೂ ಕೇಳದೆ ಇಳಿಯುತ್ತಿದ್ದ.

ಹದಿಹರೆಯದವರು ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಸಂಸ್ಥೆಯ ತಜ್ಞರು 146 ದೇಶಗಳ ಮಾಹಿತಿ ಸೇರಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, 2016ರಲ್ಲಿ 11ರಿಂದ 17 ವಯಸ್ಸಿನ ಶೇಕಡಾ 81ರಷ್ಟು ಮಕ್ಕಳು ಅಷ್ಟೂ ಮಾಡುತ್ತಿರಲಿಲ್ಲ. ಹುಡುಗಿಯರಲ್ಲಿ ಆ ಪ್ರಮಾಣ ಶೇಕಡಾ 85. ಭಾರತದ ಸ್ಥಿತಿ ಸ್ವಲ್ಪ ಮೇಲು, ಶೇಕಡಾ 74ರ ಆಸುಪಾಸು. ಸಮಾಧಾನ ಪಡುವಂಥ ಅಂಕಿಯೇನಲ್ಲ.

ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಬಯಲುಗಳನ್ನು ಸಂರಕ್ಷಿಸಲು 1985ರ ಕಾಯಿದೆಯಿದೆ. ಹಾಗೆ ಉಳಿದ ನೆಲದೊಳಗೆ ಯಾರು ಕಾಲಿಡಬೇಕೆಂಬುದನ್ನು ಮಾತ್ರ ನಮ್ಮಂಥವರು ನಿರ್ಧರಿಸಿದೆವು. 1990ರ ದಶಕದಲ್ಲಿ ನಮ್ಮ ಬಡಾವಣೆಯ ಉದ್ಯಾನದಲ್ಲಿ ಹುಡುಗರ ಚೆಂಡು ಎರಡು ಕಿಟಕಿಗಳನ್ನು ಒಡೆಯಿತು. ನಿವಾಸಿಗಳ ಸಭೆಯಲ್ಲಿ ನಿರ್ಣಯ ಬರೆದವನು ನಾನೇ. ಅಕ್ಷರ ದುಂಡಾಗಿದೆಯೆಂದು ಫಲಕವನ್ನೂ ನನ್ನಿಂದಲೇ ಬರೆಸಿದರು: ‘ಇಲ್ಲಿ ಚೆಂಡಾಟ ಆಡುವುದನ್ನು ನಿಷೇಧಿಸಲಾಗಿದೆ.’ ವಾಯುವಿಹಾರಕ್ಕೆ ಬರುವ ಹಿರಿಯರಿಗೆ ನೆಮ್ಮದಿಯಾಯಿತು, ನನಗೂ ಆಯಿತು. ಹುಡುಗರು ಉದ್ಯಾನದ ಹೊರಗಿನ ಮೋರಿಕಟ್ಟೆಯ ಮೇಲೆ ಕೂತರು. ಅವರ ನಂತರದವರು ಅಲ್ಲೇ ಕೂತು ಮೊಬೈಲ್ ಹಿಡಿದರು.

ಕೆಲವು ವರ್ಷಗಳ ಹಿಂದೆ ಅವರಲ್ಲೊಬ್ಬನನ್ನು ಕೇಳಿದೆ: “ಯಾಕಪ್ಪಾ, ಸಂಜೆಯೆಲ್ಲ ಕೂತೇ ಇರ್ತೀಯಲ್ಲ?”

“ಎದ್ದು ಎಲ್ಲಿಗೆ ಹೋಗ್ಲಿ ಸಾರ್?” ಎಂದ. ಅವನ ಬೆನ್ನ ಹಿಂದೆಯೇ ನನ್ನ ಫಲಕವಿತ್ತು.

ಅದನ್ನು ತೆಗೆಸಿ ಸಂಜೆ ಒಂದೂವರೆ ಗಂಟೆಯಾದರೂ ಒಂದು ಮೂಲೆಯನ್ನು ಆಟಕ್ಕೆ ಬಿಡಬೇಕೆಂದು ಸಭೆಯಲ್ಲಿ ಎರಡು ಸಲ ಕೇಳಿದ್ದೇನೆ. ಮೊದಲ ಸಲ ನಕ್ಕರು. ಎರಡನೆಯ ಸಲ, ನನ್ನದೇ ಹಳೆಯ ನಿರ್ಣಯವನ್ನು ತೆಗೆದು ಓದಿದರು.