ವೆಸ್ಟರ್ನ್ ವಿಜ್ಞಾನ ಕಥೆ
ಕೌಬಾಯ್ ಕಥೆಗಳ ಕುದುರೆ, ಬಂದೂಕು, ಒಂಟಿ ನಾಯಕನನ್ನು ಯಂತ್ರ ಮತ್ತು ಅಂತರಿಕ್ಷದೊಂದಿಗೆ ಬೆಸೆಯುವ ಕಥನ ಪ್ರಕಾರ. ಬೇರು ಹಳೆಯದು: ಅಮೆರಿಕದ ಎಡ್ವರ್ಡ್ ಎಲ್ಲಿಸ್ 1868ರಲ್ಲೇ ಹುಲ್ಲುಗಾವಲಿನಲ್ಲಿ ಬಂಡಿ ಎಳೆಯುವ ಉಗಿಮನುಷ್ಯನ ಕಥೆ ಬರೆದಿದ್ದ.

ಪ್ರಕಾರದ ಸೊಗಸು ಬಯಲಾದದ್ದು ಸಿನಿಮಾದಲ್ಲಿ. ಮೈಕೆಲ್ ಕ್ರೈಟನ್ ನಿರ್ದೇಶನದ ‘ವೆಸ್ಟ್‌ವರ್ಲ್ಡ್’ (1973) ಚಿತ್ರದಲ್ಲಿ ವಿಹಾರತಾಣದ ಬಂದೂಕುಧಾರಿ ರೋಬೋ, ಹಣ ತೆತ್ತು ಬಂದ ಅತಿಥಿಗಳ ಮೇಲೇ ತಿರುಗಿಬೀಳುತ್ತದೆ. ‘ಔಟ್‌ಲ್ಯಾಂಡ್’ (1981) ವೆಸ್ಟರ್ನ್ ಚಿತ್ರ ‘ಹೈ ನೂನ್’ (1952) ಕಥೆಯ ಹಂದರವನ್ನು ಗುರುಗ್ರಹದ ಉಪಗ್ರಹ ಅಯೋದ ಗಣಿಗೆ ಒಯ್ದಿತು. ‘ಕೌಬಾಯ್ಸ್ ಅಂಡ್ ಏಲಿಯನ್ಸ್’ (2011) ಗುಟ್ಟನ್ನೆಲ್ಲ ಹೆಸರಲ್ಲೇ ಬಿಟ್ಟುಕೊಟ್ಟಿತು!

ಕರ್ನಾಟಕದಲ್ಲಿ ವೆಸ್ಟರ್ನ್ ಮತ್ತು ವಿಜ್ಞಾನ ಕಥೆ ಎಂಬ ಈ ಎರಡು ಎಳೆಗಳು ಹೆಚ್ಚಾಗಿ ಬೇರೆಬೇರೆಯಾಗಿಯೇ ಸಾಗಿವೆ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ಹಿಂದಿಯ ‘ಶೋಲೆ’ (1975) ವೆಸ್ಟರ್ನ್ ಛಾಯೆಯದು. ಉಪೇಂದ್ರ ನಟಿಸಿದ ಕನ್ನಡದ ‘ಹಾಲಿವುಡ್’ (2002) ರೋಬೋ ಕಥೆ.